ಅನ್ನದ ಟೆಂಪೋ ಎಲ್ಲಿದೆ? ಒಂದು ಚಾಟ್‌ಬಾಟ್, ಒಂದು ಬೆಟ್ಟ ಮತ್ತು ‘ಚರ’ದ ಚರಿತ್ರೆ



ಇವತ್ತಿನ ಕಂತು ಚರಿತ್ರೆಯದ್ದೇ. ಆದರೆ ರಾಜರು, ಯುದ್ಧ, ಕೋಟೆ ಇಲ್ಲ. ಪ್ರೋಗ್ರಾಮ್ ಬರೆಯೋರು ‘ವೇರಿಯೇಬಲ್’ ಅಂತಾರಲ್ಲ, ಶಾಲೆಯ ಬೀಜಗಣಿತದಲ್ಲಿ ನಾವು ‘ಚರಾಕ್ಷರ’ ಅಂತ ಓದಿದ್ದು, ಅದರ ಚರಿತ್ರೆ. ಇದನ್ನ ಹುಡುಕಿಕೊಂಡು ಹೋಗೋಕೆ ನನಗೆ ಒಂದು ಕಾರಣ ಇತ್ತು. ಆ ಕಾರಣ ಹೇಳೋಕೆ ಸ್ವಲ್ಪ ನಾಚಿಕೆ. ಆದ್ರೂ ಅಲ್ಲಿಂದಲೇ ಶುರುಮಾಡ್ತೀನಿ.

ಬಾಟ್ ಹೇಳಿದ ದಾರಿ

ನಮ್ಮೂರು ಕೊಳ್ಳೇಗಾಲದ ಹತ್ತಿರ. ಶಿವರಾತ್ರಿ ಬಂತು ಅಂದ್ರೆ ಊರಿನವರು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗ್ತಾರೆ. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಹನೂರು, ಕೌದಳ್ಳಿ, ತಾಳಬೆಟ್ಟ, ಅಲ್ಲಿಂದ ಏರು. ನಡೆಯೋರ ಹಿಂದೆ-ಮುಂದೆ ನಮ್ಮೂರಿನ ಒಂದು ಟೆಂಪೋ ಇರುತ್ತೆ, ಅನ್ನ ಸಾರು ಹೊತ್ತುಕೊಂಡು. ಮೇಟೂರು ಕಡೆ ನೆಲೆಸಿರೋ ನಮ್ಮ ಸಂಬಂಧಿಕರು ಬೆಟ್ಟದ ಆ ಮಗ್ಗುಲಿಂದ, ಪಾಲಾರ್ ದಾರೀಲಿ ಬರ್ತಾರೆ. ಅವರಿಗೆ ಇನ್ನೊಂದು ಟೆಂಪೋ.

ಪ್ರತಿ ವರ್ಷ ಒಂದೇ ಗೋಳು. “ಟೆಂಪೋ ಎಲ್ಲೈತೆ?” ಅಂತ ನೂರು ಫೋನು. ನಾನು ಆಗಷ್ಟೇ ಪೈಥಾನ್ ಕಲಿತಿದ್ದೆ. ಒಂದು ಟೆಲಿಗ್ರಾಮ್ ಬಾಟ್ ಮಾಡಿದೆ. ಅದು ಮೂರೇ ಪ್ರಶ್ನೆ ಕೇಳ್ತಿತ್ತು: ನಿಮ್ಮ ಹೆಸರು? ಯಾವ ದಾರಿ? ಎಷ್ಟು ಜನ? ಆಮೇಲೆ ಯಾವಾಗ ‘ಅನ್ನ’ ಅಂತ ಟೈಪ್ ಮಾಡಿದ್ರೂ ಟೆಂಪೋ ಎಲ್ಲಿದೆ ಅಂತ ಹೇಳ್ತಿತ್ತು. ಮನೇಲಿ ಐದಾರು ಸಲ ನಾನೇ ಟೆಸ್ಟ್ ಮಾಡಿದೆ. ಚೆನ್ನಾಗಿ ಓಡ್ತು.

ಹಬ್ಬಕ್ಕೆ ಎರಡು ದಿನ ಮುಂಚೆ ನಮ್ಮ ಚಿಕ್ಕಪ್ಪ ಹನ್ನೆರಡು ಜನರ ಗುಂಪು ಕಟ್ಕೊಂಡು ಹೊರಟರು. ಜೊತೆಗೆ ನಮ್ಮಜ್ಜಿ. ಅಜ್ಜಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಕೌದಳ್ಳಿ ಹತ್ತಿರ ಬಂದಾಗ ಅಜ್ಜಿ ಊಟಕ್ಕೆ ಮುಂಚಿನ ಮಾತ್ರೆ ನುಂಗಿದರು. ಚಿಕ್ಕಪ್ಪ ‘ಅನ್ನ’ ಅಂತ ಟೈಪ್ ಮಾಡಿದರು. ಬಾಟ್ ಹೇಳ್ತು: “ಟೆಂಪೋ ಪಾಲಾರ್ ಚೆಕ್‌ಪೋಸ್ಟ್ ಹತ್ತಿರ ಇದೆ.”

ಪಾಲಾರ್ ಇರೋದು ಬೆಟ್ಟದ ಆಚೆ! ಟೆಂಪೋ ಆಗಲೇ ಮುಂದೆ ಹೊರಟುಹೋಗಿದೆ, ಇಲ್ಲಿ ನಿಂತು ಪ್ರಯೋಜನವಿಲ್ಲ ಅಂದುಕೊಂಡು ಅವರು ನಡೆದೇ ನಡೆದರು. ನಿಜವಾಗಿ ಟೆಂಪೋ ಕೌದಳ್ಳೀಲಿ ಒಂದು ಹುಣಸೆಮರದ ಕೆಳಗೆ ನಿಂತಿತ್ತು. ಅವರು ಅದರ ಪಕ್ಕದಲ್ಲೇ ಹಾದುಹೋಗಿದ್ದರು. ತಾಳಬೆಟ್ಟ ಸಿಗೋ ಮುಂಚೆ ಅಜ್ಜಿಗೆ ಮೈಯೆಲ್ಲ ಬೆವತು ಕಣ್ಣು ಕತ್ತಲೆ ಬಂತು. ದಾರಿಬದಿಯಲ್ಲಿ ಭಕ್ತರಿಗೆ ಪಾನಕ ಹಂಚ್ತಿದ್ದ ಯಾರೋ ಪುಣ್ಯಾತ್ಮರು ಬೆಲ್ಲದ ನೀರು ಕುಡಿಸಿ ಕೂರಿಸಿಕೊಂಡರು. ಅರ್ಧ ಗಂಟೇಲಿ ಸುಧಾರಿಸಿಕೊಂಡರು.

ರಾತ್ರಿ ಸಿಗ್ನಲ್ ಸಿಕ್ಕಾಗ ಚಿಕ್ಕಪ್ಪ ಫೋನ್ ಮಾಡಿದರು. ಬೈಲಿಲ್ಲ. “ಏನ್ಲಾ ಮಗ, ನಿನ್ ಮಿಷನ್ನು ನಮ್ಮುನ್ನ ಪಾಲಾರ್‌ಗೆ ಓಗಿ ಅಂತದಲ್ಲಾ, ನಾವ್ ಯಾವ್ ದಾರೀಲಿ ಬತ್ತಾ ಇದ್ದೀವಿ ಅನ್ನದು ಮರ್ತೋಯ್ತಾ ಅದ್ಕೆ?” ಅಂದರು, ಅಷ್ಟೇ.

ಮರೆತಿತ್ತು. ಹೇಗೆ ಅಂತ ಗೊತ್ತಾದಾಗ ನನಗೆ ನಿದ್ದೆ ಬರಲಿಲ್ಲ. ಕೋಡ್‌ನ ಮೊದಲ ಸಾಲುಗಳಲ್ಲಿ ನಾನು ‘ದಾರಿ’ ಅಂತ ಒಂದೇ ಒಂದು ವೇರಿಯೇಬಲ್ ಇಟ್ಟಿದ್ದೆ, ಇಡೀ ಪ್ರೋಗ್ರಾಮ್‌ಗೆಲ್ಲ ಅದೇ. ಚಿಕ್ಕಪ್ಪ ‘ಕೊಳ್ಳೇಗಾಲ’ ಅಂದಾಗ ಅದರಲ್ಲಿ ಕೊಳ್ಳೇಗಾಲ ಕೂತಿತು. ಹತ್ತು ನಿಮಿಷ ಬಿಟ್ಟು ಆ ಕಡೆಯಿಂದ ಯಾರೋ ‘ಪಾಲಾರ್’ ಅಂದರು. ಕೊಳ್ಳೇಗಾಲ ಅಳಿಸಿಹೋಗಿ ಪಾಲಾರ್ ಬಂತು. ಆಮೇಲೆ ಕೇಳಿದವರಿಗೆಲ್ಲ ಪಾಲಾರೇ. ಮನೇಲಿ ಟೆಸ್ಟ್ ಮಾಡಿದಾಗ ಬಳಸ್ತಿದ್ದವನು ನಾನೊಬ್ಬನೇ. ಹಾಗಾಗಿ ತಪ್ಪು ಕಾಣಿಸಲೇ ಇಲ್ಲ.

ಹೆಸರು ಇಡೋದು ಇಷ್ಟು ದೊಡ್ಡ ವಿಷಯವಾ? ಹಿಂದಿನವರು ಇದನ್ನ ಹೇಗೆ ನಿಭಾಯಿಸಿದರು? ಹುಡುಕ್ತಾ ಹೋದೆ.

ಎಷ್ಟೋ ಅಷ್ಟು

ಮೊದಲು ಹೆಸರಿನ ಕಥೆ. ಗೊತ್ತಿಲ್ಲದ ಒಂದು ಸಂಖ್ಯೆಗೆ ಹೆಸರು ಕೊಟ್ಟು, ಅದನ್ನ ಗೊತ್ತಿದ್ದ ಹಾಗೇ ಕೂಡಿಸಿ ಕಳೆದು ಮಾಡೋ ಧೈರ್ಯ ನಮ್ಮ ದೇಶದಲ್ಲಿ ಬಹಳ ಹಳೇದು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ‘ಬ್ರಾಹ್ಮಸ್ಫುಟ ಸಿದ್ಧಾಂತ’ ಬರೆದ. ಅದರಲ್ಲಿ ಗೊತ್ತಿಲ್ಲದ ಸಂಖ್ಯೆಗಳನ್ನ ‘ವರ್ಣ’ ಅಂತ ಕರೆದ. ವರ್ಣ ಅಂದ್ರೆ ಬಣ್ಣ, ವರ್ಣ ಅಂದ್ರೆ ಅಕ್ಷರ. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಇದು ಅಚ್ಚುಕಟ್ಟಾಗಿ ಕಾಣುತ್ತೆ. ಮೊದಲನೇ ಅಜ್ಞಾತಕ್ಕೆ ‘ಯಾವತ್ತಾವತ್’, ಅಂದ್ರೆ ನಮ್ಮ ಮಾತಲ್ಲಿ ‘ಎಷ್ಟೋ ಅಷ್ಟು’. ಎರಡನೇದಕ್ಕೆ ಕಾಲಕ, ಅಂದ್ರೆ ಕಪ್ಪು. ಮೂರನೇದಕ್ಕೆ ನೀಲಕ. ಆಮೇಲೆ ಪೀತಕ, ಲೋಹಿತಕ: ಹಳದಿ, ಕೆಂಪು. ಬರೆಯುವಾಗ ಮೊದಲ ಅಕ್ಷರ ಮಾತ್ರ: ಯಾ, ಕಾ, ನೀ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಬದಲಾಗದ, ಗೊತ್ತಿರೋ ಸಂಖ್ಯೆಗೂ ಅವರು ಬೇರೆ ಗುರುತು ಇಟ್ಟಿದ್ದರು: ‘ರೂಪ’, ಚಿಕ್ಕದಾಗಿ ‘ರೂ’. ಅಂದ್ರೆ ಲೆಕ್ಕಕ್ಕೆ ಕೈಹಾಕೋ ಮುಂಚೆಯೇ ಯಾವುದು ಬದಲಾಗೋದು, ಯಾವುದು ಗಟ್ಟಿ ಅಂತ ಬೇರೆ ಬೇರೆ ಮಾಡಿಡೋದು. ನಮ್ಮ ಮನೆಗಳಲ್ಲಿ ಪಾಲುಪತ್ರ ಬರೆಯುವಾಗ ಚರಾಸ್ತಿ ಬೇರೆ, ಸ್ಥಿರಾಸ್ತಿ ಬೇರೆ ಅಂತ ಪಟ್ಟಿ ಮಾಡಲ್ವಾ? ಹಾಗೇ.

ಯುರೋಪಿನಲ್ಲಿ ಈ ವಿಂಗಡಣೆ ಬೇರೆ ರೀತಿ ಬಂತು. 1591ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ವಿಯೆಟ್ ಅಜ್ಞಾತಕ್ಕೆ ಸ್ವರಾಕ್ಷರ, ಗೊತ್ತಿರೋದಕ್ಕೆ ವ್ಯಂಜನ ಅಂತ ಇಟ್ಟ. 1637ರಲ್ಲಿ ಡೇಕಾರ್ಟ್ ವರ್ಣಮಾಲೆಯ ಕೊನೆಯ ಅಕ್ಷರಗಳನ್ನ ಅಜ್ಞಾತಕ್ಕೆ, ಮೊದಲ ಅಕ್ಷರಗಳನ್ನ ಗೊತ್ತಿರೋದಕ್ಕೆ ಇಟ್ಟ. ನಮ್ಮನ್ನ ಹೈಸ್ಕೂಲಲ್ಲಿ ಕಾಡಿದ ಎಕ್ಸ್, ವೈ ಬಂದಿದ್ದು ಅಲ್ಲಿಂದ. ಒಂದು ಕಡೆ ಬಣ್ಣ, ಇನ್ನೊಂದು ಕಡೆ ಅಕ್ಷರದ ಜಾಗ. ಎರಡು ಕಡೆಯೂ ಕೇಳಿದ ಮೊದಲ ಪ್ರಶ್ನೆ ಒಂದೇ: ಇದು ಏನು? ಬದಲಾಗೋದಾ, ಅಲ್ವಾ?

ನನ್ನ ಬಾಟ್‌ನಲ್ಲಿ ಇದೂ ಇರಲಿಲ್ಲ. ಟೆಂಪೋ ಡ್ರೈವರ್ ಫೋನ್ ನಂಬರ್ ಇಡೀ ಯಾತ್ರೆಗೆ ಒಂದೇ, ಅದು ‘ರೂಪ’. ಟೆಂಪೋ ನಿಂತಿರೋ ಜಾಗ ಗಂಟೆಗೊಂದು ಸಲ ಬದಲಾಗುತ್ತೆ, ಅದು ‘ಯಾವತ್ತಾವತ್’. ನಾನು ಎರಡನ್ನೂ ಒಂದೇ ಚೀಲಕ್ಕೆ ತುರುಕಿದ್ದೆ.

ಮಾದೇವ ಪೂರ್ಣಾಂಕ, ಗಾಡ್ ವಾಸ್ತವ

ಕಂಪ್ಯೂಟರ್ ಬಂದ ಮೇಲೆ ಎರಡನೇ ಪ್ರಶ್ನೆ ಎದ್ದಿತು: ಹೆಸರೇನೋ ಸರಿ, ಒಳಗಿರೋದು ಯಾವ ಬಗೆ? ಕಾಗದಕ್ಕೆ ಇದು ಮುಖ್ಯ ಅಲ್ಲ. ಯಂತ್ರಕ್ಕೆ ಮುಖ್ಯ, ಯಾಕಂದ್ರೆ ಅದು ಮುಂಚೆಯೇ ಜಾಗ ಕಾಯ್ದಿರಿಸಬೇಕು.

1957ರಲ್ಲಿ ಐಬಿಎಂನಿಂದ ಫೋರ್ಟ್ರಾನ್ ಬಂತು. ಅದರಲ್ಲಿ ಹೆಸರಿಗೆ ಹೆಚ್ಚೆಂದ್ರೆ ಆರು ಅಕ್ಷರ. ಬಗೆ ಏನು ಅಂತ ಘೋಷಿಸೋದೇ ಬೇಡ, ಹೆಸರಿನ ಮೊದಲ ಅಕ್ಷರವೇ ಹೇಳುತ್ತೆ. ಇಂಗ್ಲಿಷಿನ ಐ ಇಂದ ಎನ್ ವರೆಗಿನ ಅಕ್ಷರದಲ್ಲಿ ಶುರುವಾದ್ರೆ ಪೂರ್ಣಾಂಕ, ಉಳಿದದ್ದೆಲ್ಲ ದಶಮಾಂಶ ಇರೋ ವಾಸ್ತವ ಸಂಖ್ಯೆ. ಇದರ ಮೇಲೆ ಪ್ರೋಗ್ರಾಮರ್‌ಗಳಲ್ಲಿ ಒಂದು ಹಳೇ ಜೋಕ್ ಇದೆ: ಬೇರೆ ಏನೂ ಘೋಷಿಸದಿದ್ರೆ ಗಾಡ್ ವಾಸ್ತವ. ಜಿ ಅಕ್ಷರ ಅಲ್ವಾ! ಆದ್ರೆ ನಮ್ಮ ಮಾದೇವನನ್ನ ಇಂಗ್ಲಿಷಿನಲ್ಲಿ ಬರೆದ್ರೆ ಸರಿಯಾಗಿ ಆರು ಅಕ್ಷರ, ಶುರು ಎಂ ಇಂದ. ಹಾಗಾಗಿ ಫೋರ್ಟ್ರಾನ್‌ನಲ್ಲಿ ಮಾದೇವ ಪೂರ್ಣಾಂಕ.

ನಗು ಇರಲಿ, ಇದರಲ್ಲಿ ಏಟೂ ಇದೆ. ಹತ್ತು ಲಡ್ಡು ಪ್ರಸಾದ ನಾಲ್ಕು ಜನಕ್ಕೆ ಹಂಚಬೇಕು. ಎಲ್ಲ ಪೂರ್ಣಾಂಕ ಆದ್ರೆ ಯಂತ್ರ ಹೇಳೋ ಉತ್ತರ ತಲಾ ಎರಡು. ಉಳಿದ ಎರಡು ಲಡ್ಡು ಎಲ್ಲಿ? ಯಂತ್ರ ಜಗಳ ಮಾಡಲ್ಲ, ತಪ್ಪು ಅನ್ನಲ್ಲ, ಸುಮ್ಮನೆ ಬಿಟ್ಟುಬಿಡುತ್ತೆ. ಸದ್ದಿಲ್ಲದ ಇಂಥ ತಪ್ಪುಗಳು ದೊಡ್ಡವರನ್ನೂ ಬಿಟ್ಟಿಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ಹೋಗಿ ನಾಶವಾಯ್ತು. ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟ ಸಂಖ್ಯೆಯನ್ನ ಇನ್ನೊಂದು ನ್ಯೂಟನ್ ಲೆಕ್ಕದ್ದು ಅಂತ ತಗೊಂಡಿತ್ತು. ಸಂಖ್ಯೆ ಸರಿಯಾಗೇ ಇತ್ತು. ಅದು ಯಾವುದರ ಸಂಖ್ಯೆ ಅನ್ನೋದು ಕಳೆದುಹೋಗಿತ್ತು.

ಅದಕ್ಕೇ 1960ರಲ್ಲಿ ರೂಪುಗೊಂಡ ಆಲ್ಗಾಲ್ ಭಾಷೆ ಕಟ್ಟುನಿಟ್ಟು ಮಾಡಿತು: ಬಳಸೋ ಮುಂಚೆ ಘೋಷಿಸಿ, ಬಗೆ ಹೇಳಿ. ಅದರ ಜೊತೆ ಇನ್ನೊಂದು ಒಳ್ಳೇ ಪದ್ಧತಿಯನ್ನೂ ತಂದಿತು. ಒಂದು ಭಾಗದೊಳಗೆ ಘೋಷಿಸಿದ ಹೆಸರು ಆ ಭಾಗದೊಳಗೇ ಇರುತ್ತೆ, ಆಚೆ ಬಂದ್ರೆ ಸಿಗಲ್ಲ.

ನನ್ನ ಬಾಟ್ ‘ಎಷ್ಟು ಜನ?’ ಅಂತ ಕೇಳಿದಾಗ ಒಬ್ಬರು ‘12’ ಅಂದರು, ಒಬ್ಬರು ‘೧೨’, ಇನ್ನೊಬ್ಬರು ‘12 ಜನ, ಮಕ್ಕಳು ಬೇರೆ’. ಪೈಥಾನ್‌ಗೆ ಕನ್ನಡದ ೧೨ ಕೊಟ್ಟು ಸಂಖ್ಯೆ ಮಾಡು ಅಂದ್ರೆ ಅದು ಸರಿಯಾಗಿ ಹನ್ನೆರಡು ಅಂತ ಓದುತ್ತೆ. ನನಗೂ ಅದು ಖುಷಿಯ ಆಶ್ಚರ್ಯ. ಆದ್ರೆ ‘12 ಜನ, ಮಕ್ಕಳು ಬೇರೆ’ ಅನ್ನೋದು ಮನುಷ್ಯರಿಗೆ ಅರ್ಥ ಆಗೋ ಉತ್ತರ, ಯಂತ್ರಕ್ಕಲ್ಲ. ಅಲ್ಲಿ ಅದು ತಪ್ಪು ಅಂತ ಕೂಗಿ ನಿಲ್ಲುತ್ತೆ. ಲಡ್ಡು ನುಂಗೋ ಯಂತ್ರಕ್ಕಿಂತ ಕೂಗೋ ಯಂತ್ರ ಮೇಲು.

ಗೌಡ ಅಂದ್ರೆ ಯಾವ ಗೌಡ?

ಈಗ ನನ್ನ ನಿಜವಾದ ತಪ್ಪಿಗೆ ಬರೋಣ. ಮೂರನೇ ಪ್ರಶ್ನೆ: ಇದು ಯಾರದು?

ಜಗತ್ತಿನ ಮೊದಲ ಹೆಸರುವಾಸಿ ಚಾಟ್‌ಬಾಟ್ ಎಲೈಜಾ. ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಅದರ ಬಗ್ಗೆ ಬರೆದರು. ನೀವು ‘ನಮ್ಮಪ್ಪ ಹೀಗೆ’ ಅಂತ ಏನಾದ್ರೂ ‘ನನ್ನದು’ ಅನ್ನೋ ಮಾತು ಹೇಳಿದ್ರೆ ಅದನ್ನ ಎತ್ತಿಟ್ಟುಕೊಂಡು, ಬೇರೆ ಏನೂ ತೋಚದೆ ಇದ್ದಾಗ ‘ಆಗ ನಿಮ್ಮಪ್ಪನ ವಿಷಯ ಹೇಳ್ತಿದ್ರಲ್ಲ’ ಅಂತ ವಾಪಸ್ ತೆಗೀತಿತ್ತು. ಇಷ್ಟಕ್ಕೇ ಜನ ಅದರ ಹತ್ತಿರ ಮನಸ್ಸು ಬಿಚ್ಚಿ ಮಾತಾಡೋಕೆ ಶುರುಮಾಡಿದರು, ವೈಜೆನ್‌ಬಾಮ್‌ಗೇ ಗಾಬರಿಯಾಗೋ ಅಷ್ಟು. ಗಮನಿಸಿ, ಮನುಷ್ಯರ ನಂಬಿಕೆ ಗಳಿಸಿದ್ದು ಒಂದು ಸಣ್ಣ ನೆನಪು. ಅಲ್ಲಿ ಒಂದು ಟರ್ಮಿನಲ್, ಒಬ್ಬ ಮನುಷ್ಯ, ಒಂದು ಮಾತುಕತೆ. ‘ಯಾರದು’ ಅನ್ನೋ ಪ್ರಶ್ನೆ ಹುಟ್ಟೋಕೆ ಜಾಗವೇ ಇರಲಿಲ್ಲ.

2015ರಲ್ಲಿ ಟೆಲಿಗ್ರಾಮ್, 2016ರಲ್ಲಿ ಫೇಸ್‌ಬುಕ್ ಮೆಸೆಂಜರ್ ಬಾಟ್‌ಗಳಿಗೆ ಬಾಗಿಲು ತೆಗೆದವು. ಈಗ ಒಂದೇ ಪ್ರೋಗ್ರಾಮ್ ಸಾವಿರ ಜನರ ಜೊತೆ ಒಟ್ಟಿಗೆ ಮಾತಾಡಬೇಕು. ಎಲ್ಲರಿಗೂ ಒಂದೇ ‘ದಾರಿ’ ಇಟ್ಟರೆ ನಮ್ಮಜ್ಜಿಗೆ ಆದ ಗತಿ.

ಇದಕ್ಕೆ ಉತ್ತರ ನನಗೆ ಹೊಳೆದಿದ್ದು ಬೆಟ್ಟದ ಹಾಡಿನಲ್ಲಿ. ಮಾದಪ್ಪನ ಕಥೆಯನ್ನ ಕಂಸಾಳೆಯವರು, ದೇವರಗುಡ್ಡರು ರಾತ್ರಿ ಪೂರ್ತಿ ಹಾಡ್ತಾರೆ. ಅದು ಒಂದೇ ರಾತ್ರಿಗೆ ಮುಗಿಯೋ ಕಥೆ ಅಲ್ಲ. ಅದನ್ನ ‘ಸಾಲು’ಗಳಾಗಿ ಕಟ್ಟಿಟ್ಟಿದ್ದಾರೆ. ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು, ಹೀಗೆ. ಸಂಕಮ್ಮನ ಸಾಲಿನಲ್ಲಿ ‘ಗೌಡ’ ಅಂದ್ರೆ ಅವಳ ಗಂಡ ನೀಲೇಗೌಡ, ಹೆಂಡತಿಯನ್ನ ಒಬ್ಬಳೇ ಬಿಟ್ಟು ಜೇನಿಗೆ ಕಾಡಿಗೆ ಹೋದವನು. ಜುಂಜೇಗೌಡನ ಸಾಲಿನಲ್ಲಿ ‘ಗೌಡ’ ಅಂದ್ರೆ ಆಲಂಬಾಡಿಯ ಸಿರಿವಂತ. ಹೆಸರು ಒಂದೇ, ಆಳು ಬೇರೆ. ಕೇಳೋರು ಯಾರೂ ಗೊಂದಲ ಮಾಡ್ಕೊಳ್ಳಲ್ಲ, ಯಾಕಂದ್ರೆ ಇವತ್ತು ಯಾವ ಸಾಲು ಅಂತ ಎಲ್ಲರಿಗೂ ಗೊತ್ತು. ಆದ್ರೆ ಮಾದಪ್ಪ ಮಾತ್ರ ಯಾವ ಸಾಲಿಗೆ ಹೋದ್ರೂ ಅದೇ ಮಾದಪ್ಪ.

ಆಲ್ಗಾಲ್ ಹೇಳಿದ್ದೂ ಇದನ್ನೇ, ಇವತ್ತಿನ ಎಲ್ಲ ಭಾಷೆಗಳೂ ಹೇಳೋದು ಇದನ್ನೇ. ಎಲ್ಲ ಕಡೆ ಸಲ್ಲೋದು ಕೆಲವೇ ಇರಲಿ. ಉಳಿದದ್ದು ಅವರವರ ಸಾಲಿನೊಳಗೆ ಇರಲಿ. ನಾನು ಮಾಡಿದ ರಿಪೇರಿಯೂ ಅಷ್ಟೇ. ಟೆಲಿಗ್ರಾಮ್ ಪ್ರತಿ ಬಳಕೆದಾರರಿಗೆ ಒಂದು ಸಂಖ್ಯೆ ಕೊಡುತ್ತೆ. ಆ ಸಂಖ್ಯೆಯ ಹೆಸರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾತೆ ತೆರೆದೆ. ಹೆಸರು, ದಾರಿ, ಜನ ಮೂರೂ ಆ ಖಾತೆಯೊಳಗೆ. ಚಿಕ್ಕಪ್ಪನ ದಾರಿ ಚಿಕ್ಕಪ್ಪನದು. ಯಾರಾದ್ರೂ ದಾರಿ ಹೇಳದೇ ‘ಅನ್ನ’ ಅಂದ್ರೆ, ಊಹೆ ಮಾಡಬಾರದು. ಖಾಲಿ ಇದ್ದದ್ದು ಖಾಲಿ ಅಂತ ಗೊತ್ತಿರಬೇಕು, ಮತ್ತೆ ಕೇಳಬೇಕು.

ಕೊಯಮತ್ತೂರು ಜಿಲ್ಲೆಯ ಬೆಟ್ಟ

ಇಲ್ಲಿಗೆ ಮುಗೀತು ಅಂದುಕೊಂಡಿದ್ದೆ. ಆದ್ರೆ ಬೆಟ್ಟ ಇನ್ನೊಂದು ಪ್ರಶ್ನೆ ಇಟ್ಟುಕೊಂಡಿತ್ತು.

ಹೊಸ ಬಾಟ್‌ಗೆ ‘ನಿಮ್ಮ ಜಿಲ್ಲೆ?’ ಅಂತ ಒಂದು ಪ್ರಶ್ನೆ ಸೇರಿಸಿದೆ. ಊರಿನ ಹಿರಿಯರೊಬ್ಬರು ಮೊಮ್ಮಗನ ಕೈಲಿ ‘ಮೈಸೂರು’ ಅಂತ ಟೈಪ್ ಮಾಡಿಸಿದರು. ತಪ್ಪು ಅಂತ ಹೇಳೋಕೆ ಹೋದೆ. ಚಿಕ್ಕಪ್ಪ ನಕ್ಕು, ಟ್ರಂಕಿನಿಂದ ನಮ್ಮ ಮುತ್ತಜ್ಜನ ಜಮೀನು ಪತ್ರ ತೆಗೆದು ತೋರಿಸಿದರು. ಅದರಲ್ಲಿ ಇದ್ದದ್ದು: ಕೊಳ್ಳೇಗಾಲ ತಾಲ್ಲೂಕು, ಕೊಯಮತ್ತೂರು ಜಿಲ್ಲೆ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೊಯಮತ್ತೂರಿನ ಜೊತೆ ಕೊಳ್ಳೇಗಾಲವೂ ಬ್ರಿಟಿಷರ ಕೈಗೆ ಹೋಯ್ತು, ಮದ್ರಾಸ್ ಪ್ರೆಸಿಡೆನ್ಸಿಯ ಭಾಗವಾಯ್ತು. ಪಕ್ಕದ ಯಳಂದೂರು ಹಾಗಲ್ಲ. ಅದು ಮೈಸೂರು ರಾಜ್ಯದೊಳಗೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಒಂದೇ ಮಾತಾಡೋ, ಒಂದೇ ದೇವರಿಗೆ ಹರಕೆ ಹೊರೋ ಅಕ್ಕಪಕ್ಕದ ಊರುಗಳು ಒಂದೂವರೆ ಶತಮಾನ ಬೇರೆ ಬೇರೆ ಆಳ್ವಿಕೇಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ, ಮೈಸೂರು ಜಿಲ್ಲೆಗೆ ಬಂತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯ್ತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಹುಟ್ಟಿತು. ಆಮೇಲೆ ಹನೂರು ಬೇರೆ ತಾಲ್ಲೂಕಾಗಿ, ಬೆಟ್ಟ ಅದಕ್ಕೆ ಸೇರಿತು.

ಪ್ರೋಗ್ರಾಮರ್ ಕಣ್ಣಿಂದ ನೋಡಿ. ‘ರಾಜ್ಯ’: ಮದ್ರಾಸ್, ಮೈಸೂರು, ಕರ್ನಾಟಕ. ‘ಜಿಲ್ಲೆ’: ಕೊಯಮತ್ತೂರು, ಮೈಸೂರು, ಚಾಮರಾಜನಗರ. ‘ತಾಲ್ಲೂಕು’: ಕೊಳ್ಳೇಗಾಲ, ಹನೂರು. ಬೆಟ್ಟ ಒಂದು ಗೇಣೂ ಅಲುಗಾಡಿಲ್ಲ. ನಾನು ‘ಜಿಲ್ಲೆ’ ಅನ್ನೋದನ್ನ ಕೋಡ್‌ನಲ್ಲಿ ಸ್ಥಿರ ಅಂತ ಬರೆದಿದ್ದೆ! ಸ್ಥಿರ ಅನ್ನಿಸಿದ್ದು ಅದು ಸ್ಥಿರವಾಗಿದ್ದಕ್ಕಲ್ಲ. ನಾನು ಹುಟ್ಟಿದ ಮೇಲೆ ಬದಲಾಗಿಲ್ಲ, ಅಷ್ಟಕ್ಕೆ.

ಆ ಹಿರಿಯರು ಸುಳ್ಳು ಹೇಳಿರಲಿಲ್ಲ. ಅವರು ಹೇಳಿದ್ದು ಅವರ ಕಾಲದ ಬೆಲೆ. ನಾಲ್ಕನೇ ಪ್ರಶ್ನೆ ಅದು: ಇದು ಯಾವಾಗಿನದು? ಪ್ರೋಗ್ರಾಮ್‌ನಲ್ಲಿ ‘ಸಮ’ ಚಿಹ್ನೆ ಹಾಕಿದ ತಕ್ಷಣ ಹಳೇ ಬೆಲೆ ಅಳಿಸಿಹೋಗುತ್ತೆ, ಗುರುತೂ ಉಳಿಯಲ್ಲ. ಟ್ರಂಕಿನೊಳಗಿನ ಪತ್ರ ಹಾಗಲ್ಲ. ಅದರ ಮೇಲೆ ತಾರೀಖು ಇದೆ. ಈಗ ನನ್ನ ಬಾಟ್‌ನಲ್ಲೂ ಟೆಂಪೋ ಜಾಗದ ಪಕ್ಕ ಅದು ಯಾವ ಹೊತ್ತಿನ ಸುದ್ದಿ ಅಂತ ಬರುತ್ತೆ. “ಟೆಂಪೋ ಕೌದಳ್ಳೀಲಿದೆ” ಅನ್ನಲ್ಲ. “ಮಧ್ಯಾಹ್ನ 12:40ಕ್ಕೆ ಕೌದಳ್ಳೀಲಿತ್ತು” ಅನ್ನುತ್ತೆ. ಹಳೇ ಸುದ್ದಿ ಅನ್ನಿಸಿದ್ರೆ ಚಿಕ್ಕಪ್ಪ ಡ್ರೈವರ್‌ಗೆ ಫೋನ್ ಮಾಡ್ತಾರೆ.

ಕೊನೆಗೆ ಒಂದು ಹಾಳೆ

ಬಾಟ್ ಮಾಡೋಕೆ ಹೊರಟಿರೋರಿಗೆ ನನ್ನದು ಇಷ್ಟೇ ಮಾತು. ಲ್ಯಾಪ್‌ಟಾಪ್ ತೆಗೆಯೋ ಮುಂಚೆ ಒಂದು ಹಾಳೆ ತಗೊಳ್ಳಿ. ಬಾಟ್ ನೆನಪಿಡಬೇಕಾದ್ದನ್ನೆಲ್ಲ ಬರೆದು, ಪ್ರತಿಯೊಂದರ ಮುಂದೆ ನಾಲ್ಕು ಕಲಂ ಎಳೆಯಿರಿ: ಏನು, ಯಾವ ಬಗೆ, ಯಾರದು, ಯಾವಾಗಿನದು. ಸ್ಥಿರ ಅನ್ನಿಸಿದ್ದನ್ನ ಮನೇಲಿರೋ ಹಿರಿಯರಿಗೆ ಒಮ್ಮೆ ತೋರಿಸಿ. ಟೆಸ್ಟ್ ಮಾಡುವಾಗ ಕನಿಷ್ಠ ಎರಡು ಫೋನ್ ಇಟ್ಟುಕೊಳ್ಳಿ, ಬೇರೆ ಬೇರೆ ಉತ್ತರ ಕೊಡಿ. ನಾನು ಆವತ್ತು ಎರಡನೇ ಫೋನ್ ಇಟ್ಟಿದ್ದರೆ ಅಜ್ಜಿ ಹುಣಸೆಮರದ ಕೆಳಗೆ ಕೂತು ಉಣ್ತಿದ್ದರು.

ಹೆಸರುಗಳನ್ನ ಕನ್ನಡದಲ್ಲೇ ಇಡಬಹುದಾ ಅಂತ ಕೆಲವರು ಕೇಳ್ತಾರೆ. ಇಡಬಹುದು. 2008ರ ಕೊನೇಲಿ ಬಂದ ಪೈಥಾನ್ 3ರಿಂದ ‘ದಾರಿ’, ‘ಜನ’ ಅಂತಲೇ ವೇರಿಯೇಬಲ್ ಬರೆಯೋಕೆ ಬರುತ್ತೆ. ನನ್ನ ಬಾಟ್‌ನಲ್ಲಿ ಈಗ ಹಾಗೇ ಇದೆ. ಚಿಕ್ಕಪ್ಪನಿಗೆ ಕೋಡ್ ತೋರಿಸಿದೆ. ಅವರು ಕನ್ನಡಕ ಸರಿಮಾಡ್ಕೊಂಡು ಒಂದೊಂದೇ ಹೆಸರು ಓದಿ, ಬೆರಳಿಟ್ಟು ಕೇಳಿದರು: “ಇಲ್ಲಿ ದಾರಿ ಅಂತ ಅದಲ್ಲಾ, ಇದು ನಂದಾ, ಪಾಲಾರಿನವರ್ದಾ?”

“ನಿಮ್ದೇ, ಚಿಕ್ಕಪ್ಪ” ಅಂದೆ.

ಈ ಶಿವರಾತ್ರಿಗೂ ಅಜ್ಜಿ ನಡೀತೀನಿ ಅಂತಿದ್ದಾರೆ. ಸೊಂಟದ ಚೀಲದಲ್ಲಿ ಎರಡು ಅಚ್ಚು ಬೆಲ್ಲ ಇಟ್ಕೊಂಡೇ ಹೊರಡೋದಂತೆ. ನನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಮಿಷನ್ ಮೇಲೆ. ಸರಿಯಾಗೇ ಇದೆ.

ಮುಂದಿನ ಕಂತಿನಲ್ಲಿ ಸಿಗೋಣ. ಉಘೇ ಮಾದಪ್ಪ.